ಭಾವ ಪಕ್ಕದಲ್ಲಿದ್ದಾಗ

ಭಾವಮೈದುನ ಸುಕೇಶನನ್ನು ಗಲ್ಫಿಗೆ ಕರೆತರುವಾಗ ಭಾವ ಅತ್ತೆಗೆ ಮಾತು ಕೊಟ್ಟಿದ್ದ: “ಹೆದರಬೇಡಿ ಅತ್ತೆ, ನಿಮ್ಮ ಮಗನನ್ನು ನಾನೇ ಮನೆಗೆ ವಾಪಸ್ ಕಳಿಸ್ತೇನೆ.”

ಅದಾಗಿ ವರ್ಷಗಳೇ ಕಳೆದಿದ್ದವು. ಈಗ ಸುಕೇಶನ ವೀಸಾ ಮುಗಿದಿತ್ತು, ಅದರೊಂದಿಗೆ ಲೈಸೆನ್ಸೂ. ಅದು ಗೊತ್ತಿದ್ದೂ ಭಾವ ತಾನು ಓಡಿಸುವ ವ್ಯಾನಿನ ಕೀಲಿಯನ್ನು ಅವನಿಗೆ ಕೊಟ್ಟ.

“ಸ್ವಲ್ಪ ದೂರ ಓಡಿಸು ಮಾರಾಯ, ನಿದ್ದೆ ಎಳೀತಾ ಉಂಟು.”

“ಪೊಲೀಸರು ಹಿಡಿದರೆ?”

“ಪಕ್ಕದಲ್ಲಿ ಭಾವ ಇಲ್ವನಾ ನಿಂಗೆ?”

ಮುಂದಿನ ತಿರುವಿನಲ್ಲೇ ಪೊಲೀಸರು ಕೈ ಅಡ್ಡ ಹಿಡಿದರು.

“ಇವನಿಗೆ ಕೀಲಿ ಕೊಟ್ಟವರು ಯಾರು?”

ಸುಕೇಶ ಭಾವನ ಮುಖ ನೋಡಿದ. ನಿಜ ಹೇಳಿದರೆ ಭಾವನ ಲೈಸೆನ್ಸೂ ಹೋಗುತ್ತಿತ್ತು, ಹೆಂಡತಿ ಮಕ್ಕಳ ಅನ್ನವೂ.

“ನಾನು ಮಲಗಿದ್ದೆ ಸಾರ್. ಕೇಳದೇ ತೆಗೆದದ್ದು ಇವನು.”

ಸುಕೇಶ ಇಲ್ಲವೆನ್ನಲಿಲ್ಲ. ಮುಂದಿನ ವಾರ ಅವನನ್ನು ಗಡೀಪಾರು ಮಾಡಿದರು.

ಕೊಟ್ಟ ಮಾತಿನಂತೆ, ಅತ್ತೆಯ ಮಗನನ್ನು ಮನೆಗೆ ಕಳಿಸಿದ್ದು ಅಳಿಯನೇ.