ಪಕ್ಕದ ಸೀಟಿನ ಬ್ರೇಕು

"ಈ ಕಾರಿಗೆ ಬ್ರೇಕು ಅಂತ ಒಂದಿದೆಯಾ, ಇಲ್ವಾ?"

ಮಾವ ಕೇಳಿದ್ದು ಎದುರಿನ ಗಾಜನ್ನು. ಹಲ್ಲು ಕಚ್ಚಿಕೊಂಡು ಬಲಗಾಲನ್ನು ನೆಲಕ್ಕೆ ಒತ್ತಿದರು. ಅಲ್ಲಿದ್ದದ್ದು ರಬ್ಬರ್ ಚಾಪೆ ಮಾತ್ರ. ಬ್ರೇಕು ಇದ್ದದ್ದು ಪಕ್ಕದಲ್ಲಿ, ಕಾರು ಓಡಿಸುತ್ತಿದ್ದ ಸೊಸೆಯ ಕಾಲಡಿ. ಅವಳು ಅದನ್ನು ಆಗಲೇ ಒತ್ತಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ ಎಂದಿನಂತೆ ಗಂಡನ ಹೆಗಲು ಹಿಡಿದು, ಕಣ್ಣು ಮುಚ್ಚಿ, ದೇವರನ್ನು ನೆನೆಯುತ್ತಿದ್ದರು.

"ಇನ್ನೊಂದು ಸಲ ಹೀಗಾದ್ರೆ ಕಾರು ಮಾರಿಬಿಡೋದೇ," ಎಂದರು ಮಾವ.

ಗುಜರಿಗೆ ಹೊರಟಿದ್ದ ಆ ಕಾರಿಗೆ ನಟ್ಟು ಬೋಲ್ಟಿನಿಂದ ಹಿಡಿದು ಜೀವ ತುಂಬಿದವಳು ಸೊಸೆ. ಕೆಲಸ ಮಾಡುವ ಗ್ಯಾರೇಜಿನಲ್ಲಿ ಅವಳ ಕೈಗುಣಕ್ಕೆ ಹೆಸರಿತ್ತು. ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಆಯಸ್ಸೆಲ್ಲ ಬಸ್ಸು ಓಡಿಸಿದ ಮಾವನ ಕಾಲು, ಪಕ್ಕದ ಸೀಟಿನಲ್ಲಿ ಸುಮ್ಮನಿರಲು ಹೆದರುತ್ತದೆ ಎಂದು ಲೆಕ್ಕ ಹಾಕಿದಳು.

ಭಾನುವಾರ ಮಾವನ ಕಾಲಡಿಯೂ ಒಂದು ಬ್ರೇಕ್ ಪೆಡಲು ಬಂದು ಕೂತಿತು.

ಮಾವ ಮಂಡಿಯೂರಿ ಬಗ್ಗಿದರು. ಸೊಸೆ ಪಾಠ ಒಪ್ಪಿಸಿದಳು.

"ಈ ದುಂಡನೆ ಡಬ್ಬ ಬೂಸ್ಟರ್, ಮಾವ. ಒಳಗೆ ರಬ್ಬರ್ ಪರದೆ. ಎರಡೂ ಕಡೆಯ ಗಾಳೀನ ಎಂಜಿನ್ ಈ ಪೈಪಿಂದ ಹೀರ್ಕೊಂಡಿರುತ್ತೆ. ನೀವು ಪೆಡಲು ಒತ್ತಿದಾಗ ಈಚೆ ಕಡೆಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಪರದೇನ ತಳ್ಳುತ್ತೆ. ಅರ್ಧ ಭಾರ ಅದೇ ಹೊರುತ್ತೆ."

"ಈ ಬಿರಡೆ?"

"ಒನ್‌ವೇ ವಾಲ್ವ್. ಗಾಳಿ ಆಚೆ ಹೋಗ್ಬಹುದು, ವಾಪಸ್ ಬರೋ ಹಾಗಿಲ್ಲ."

"ನಮ್ಮನೆ ನೆಂಟರ ಥರ ಅಲ್ಲ ಬಿಡು. ಅವರು ಒಳಗೆ ಬರ್ತಾರೆ, ಆಚೆ ಹೋಗಲ್ಲ."

ಎಂಜಿನ್ ನಿಂತಿರುವಾಗಲೇ ಮಾವ ಪೆಡಲು ಕಲ್ಲಾಗುವ ತನಕ ಮತ್ತೆ ಮತ್ತೆ ಒತ್ತಿದರು. ಕಾಲು ತೆಗೆಯದೆ, "ಈಗ ಸ್ಟಾರ್ಟ್ ಮಾಡಮ್ಮ," ಎಂದರು. ಎಂಜಿನ್ ಉಸಿರೆಳೆಯಿತು, ಪೆಡಲು ಮೆತ್ತಗೆ ತುಸು ಕೆಳಗಿಳಿಯಿತು: ಬೂಸ್ಟರ್ ಸರಿಯಿದೆ. ಕಿವಿಗೊಟ್ಟರು. ಎಲ್ಲೂ ಗಾಳಿ ಸೋರಿ ಬುಸ್ ಎನ್ನಲಿಲ್ಲ.

"ರೀ, ನಿಜವಾಗ್ಲೂ ಹಿಡಿಯುತ್ತಾ?" ಬಾಗಿಲಿನಿಂದ ಅತ್ತೆ ಕೇಳಿದರು.

"ಉಡದ ಹಾಗೆ," ಎಂದರು ಮಾವ.

ಬೂಸ್ಟರಿನ ಮುಂದೆ ಏನಿದೆ, ಬ್ರೇಕ್ ಎಣ್ಣೆ ಯಾವ ದಾರಿಯಲ್ಲಿ ಚಕ್ರ ಸೇರುತ್ತದೆ, ಅದೊಂದನ್ನು ಮಾತ್ರ ಅವರು ಕೇಳಲಿಲ್ಲ. ಸೊಸೆ ಬೆವರು ಒರೆಸಿಕೊಂಡಳು. ಮುಂದೆ ಇದ್ದದ್ದು ಒಂದು ದಪ್ಪ ಸ್ಪ್ರಿಂಗ್, ಅಷ್ಟೇ. ಆ ಪೆಡಲಿಗೂ ಚಕ್ರಕ್ಕೂ ಯಾವ ನಂಟೂ ಇರಲಿಲ್ಲ.

ಅಲ್ಲಿಂದಾಚೆ ಕಾರಿನೊಳಗೆ ದಿನವೂ ಹಬ್ಬ. ಮಾವ ಒತ್ತುವರು, ಸೊಸೆಯೂ ಒತ್ತುವಳು, ಕಾರು ನಿಲ್ಲುವುದು. ಮಾವನ ಗೊಣಗಾಟ ನಿಂತೇ ಹೋಯಿತು. ಅತ್ತೆಯ ಕೈ ಅವರ ಹೆಗಲಿನಿಂದ ಕಡಲೆಕಾಯಿ ಪೊಟ್ಟಣಕ್ಕಿಳಿಯಿತು. ದೇವರ ನಾಮಕ್ಕೆ ರಾಗ ಬಂತು. ತಿರುವಿನಲ್ಲಿ ತಾಳವೂ ಬೀಳತೊಡಗಿತು.

ಒಂದು ಸಂಜೆ ಇಳಿಜಾರಿನಲ್ಲಿ ತಳ್ಳುಗಾಡಿಯೊಂದು ಅಡ್ಡ ಬಂತು. ಸೊಸೆ ಜೀವ ಬಿಗಿಹಿಡಿದು ಒತ್ತಿದಳು. ಕಿತ್ತಳೆ ರಾಶಿಗೆ ಮೊಳ ದೂರದಲ್ಲಿ ಕಾರು ನಿಂತಿತು.

"ನೋಡಿದ್ಯೇನೇ, ನಿಮ್ಮ ಮಾವನ ಕಾಲು," ಎಂದರು ಅತ್ತೆ, ಕಡಲೆಕಾಯಿ ಸುಲಿಯುತ್ತ.

ಸೊಸೆಗೆ ನಗು ಬರಲಿಲ್ಲ. ಎಂದಾದರೂ ತನ್ನ ಕಾಲು ತಡವಾದಾಗ ಮಾವ ಕೂಗಿ ಎಚ್ಚರಿಸದೆ ಈ ಪೆಡಲನ್ನೇ ನೆಚ್ಚಿ ಕೂತುಬಿಟ್ಟರೆ?

ಮನೆ ತಲುಪಿ ಅತ್ತೆ ಒಳಗೆ ಹೋದ ಮೇಲೆ ಬಾಯಿಬಿಟ್ಟಳು. "ಮಾವ, ಅದು ಸುಳ್ಳು ಬ್ರೇಕು. ಮುಂದೆ ಬರೀ ಸ್ಪ್ರಿಂಗು. ಬೇಕಾದ್ರೆ ಕಾರು ಮಾರಿಬಿಡಿ. ಆದ್ರೆ ಅದನ್ನ ಇವತ್ತೇ ಬಿಚ್ಚಿಬಿಡ್ತೀನಿ, ಒಪ್ಕೊಳ್ಳಿ."

ಮಾವ ಬಾಗಿಲ ಕಡೆ ಕಣ್ಣು ಹಾಯಿಸಿ, ಅಂಗಿಯ ಕಾಲರು ಸರಿಸಿದರು. ಹೆಗಲ ಮೇಲೆ ಸಾಲಾಗಿ ಅತ್ತೆಯ ಉಗುರಿನ ಗಾಯದ ಕಲೆಗಳು, ಈಗ ಮಾಸುತ್ತಿದ್ದವು.

"ಮೆಲ್ಲಗೆ ಮಾತಾಡಮ್ಮ. ಸ್ಪ್ರಿಂಗು ಅಂತ ನನಗೆ ಮೊದಲ ದಿನವೇ ಗೊತ್ತು, ನಿಮ್ಮತ್ತೆಗೆ ಗೊತ್ತಿಲ್ಲ. ಬಿಚ್ಚಕೂಡದು."