ನೇರಳೆ ಔಷಧಿ

ಮೊನ್ನೆ ಮೊಮ್ಮಗನ ನಾಲಗೆಯ ಬಿಳಿ ಮಚ್ಚೆಗೆ ಡಾಕ್ಟರು ಹನಿ ಔಷಧಿ ಬರೆದುಕೊಟ್ಟಾಗ, ಜಯನಗರದ ನಮ್ಮ ಬಾಡಿಗೆ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನನಗೆ ಆರು ವರ್ಷ, ತಮ್ಮನಿಗೆ ಮೂರು ತಿಂಗಳು. ಅವನ ಬಾಯೊಳಗೆ ಮೊಸರಿನ ಕೆನೆಯಂಥ ಬಿಳುಪು ಕಟ್ಟಿತ್ತು. ಹಾಲಿನ ಕಲೆಯೆಂದು ಅಜ್ಜಿ ಎಷ್ಟು ಒರೆಸಿದರೂ ಹೋಗಲಿಲ್ಲ.

“ಇದು ಹಾಲಲ್ಲಮ್ಮ, ಬ್ರೆಡ್ ಉಬ್ಬಿಸೋ ಈಸ್ಟ್ ಜಾತೀದು,” ಎಂದರು ಮನೆಗೆ ಬಂದ ಡಾಕ್ಟರು. “ಎಲ್ಲರ ಬಾಯಲ್ಲೂ ಒಂಚೂರು ಇರುತ್ತೆ. ಜ್ವರಕ್ಕೆ ಪೆನ್ಸಿಲಿನ್ ಕೊಟ್ಟಿದ್ವಲ್ಲ, ಅದಾದ್ಮೇಲೆ ಜಾಸ್ತಿ ಬೆಳ್ಕೊಂಡಿದೆ.” ನೇರಳೆ ಬಣ್ಣದ ಔಷಧಿಯ ಸೀಸೆಯನ್ನು ಅಮ್ಮನ ಕೈಗಿಟ್ಟು, “ಹಾಲು ಕುಡಿಸೋ ನೀವೂ ಎದೆಗೆ ಹಚ್ಕೊಳ್ಳಿ. ಇಲ್ಲಾಂದ್ರೆ ಒಬ್ರಿಂದ ಒಬ್ರಿಗೆ ಬರ್ತಾನೇ ಇರುತ್ತೆ,” ಎಂದರು.

ಅಮ್ಮ ಹತ್ತಿಯನ್ನು ಅದರಲ್ಲಿ ಅದ್ದಿ ತಮ್ಮನ ಬಾಯಿಗೆ ಹಚ್ಚುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳ ರವಿಕೆಯಲ್ಲಿ ನೇರಳೆ, ಅವನ ಗಲ್ಲದಲ್ಲಿ ನೇರಳೆ. ಅವರಿಬ್ಬರದೂ ಒಂದೇ ಬಣ್ಣ, ನನಗೆ ಮಾತ್ರ ಏನೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಅಡುಗೆಮನೆಗೆ ಹೋಗಿ, ನಾಲಗೆಗೆ ಅಕ್ಕಿಹಿಟ್ಟು ಮೆತ್ತಿಕೊಂಡು, ಅಮ್ಮನ ಮುಂದೆ ಬಾಯಿ ತೆರೆದೆ. “ನಂಗೂ ಬಂದಿದೆ.”

ಅಜ್ಜಿ ಸೆರಗಿನ ತುದಿಯಿಂದ ಒರೆಸಿದಳು. ಒಂದೇ ಸಲಕ್ಕೆ ಎಲ್ಲ ಹೋಯಿತು. “ಕಳ್ಳಿ, ಹಿಟ್ಟು ಬಳ್ಕೊಂಡಿದಾಳೆ,” ಎಂದು ನಕ್ಕಳು.

ಅಮ್ಮ ನಗಲಿಲ್ಲ. ಮಗುವನ್ನು ಅಜ್ಜಿಯ ತೊಡೆಗೆ ಕೊಟ್ಟು, ನನ್ನನ್ನು ಮಡಿಲಿಗೆ ಎಳೆದುಕೊಂಡಳು. “ಎಲ್ಲಿ, ಆ ಅನ್ನು,” ಎಂದು ನಾಲಗೆಯ ತುದಿಗೆ ಒಂದು ಚುಕ್ಕೆ ನೇರಳೆ ಇಟ್ಟಳು.

ಬಾಯೆಲ್ಲ ಕಹಿಯಾಯಿತು. ಬಣ್ಣ ಹೋದೀತೆಂದು ಸಂಜೆಯವರೆಗೂ ನಾನು ನೀರು ಕುಡಿಯಲಿಲ್ಲ.