ಐವತ್ತೇಳರ ಮೈ

ದಿನಾ ಬೆಳಗ್ಗೆ ಗಂಡನಿಗೆ ಸ್ನಾನ ಮಾಡಿಸಲು ಬರುತ್ತಿದ್ದ ಸಹಾಯಕ ಅಂದು ಬರಲಿಲ್ಲ, ಅವನ ಫೋನು ಬಂತು. "ಅಮ್ಮಾ, ಇನ್ಮೇಲೆ ನಿಮ್ಮನೆಗೆ ಹೋಗ್ಬೇಡ ಅಂದುಬಿಟ್ಟಿದ್ದಾರೆ. ಯಾಕೋ ಏನೋ, ನಂಗೂ ತಿಳೀದು." ವರ್ಷಗಟ್ಟಲೆ ಬೇಕರಿ ನಡೆಸಿದ್ದ ಬೇಕರಿಯಮ್ಮ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟವೆಲು ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟಳು.

ಗಂಡ ಬಸ್ಸು ಓಡಿಸುತ್ತಿದ್ದವನು, ಆನೆಯಂಥ ಆಳು. ಲಕ್ವ ಹೊಡೆದು ಬಲಗಡೆ ಬಿದ್ದುಹೋದ ಮೇಲೂ ತೂಕ ಮಾತ್ರ ಇಳಿದಿರಲಿಲ್ಲ. ಎಪ್ಪತ್ತೊಂದರ ಹೆಂಗಸು ಅವನನ್ನು ಮಂಚದಿಂದ ಎತ್ತಿ ಗಾಲಿಕುರ್ಚಿಗೆ ಇಳಿಸುವಷ್ಟರಲ್ಲಿ ಕಣ್ಣು ಕತ್ತಲಿಡುತ್ತಿತ್ತು. ಹಿರಿಯರ ಆರೋಗ್ಯ ಕೇಂದ್ರದಿಂದ ಆ ಸಹಾಯಕ ಬರತೊಡಗಿದ ಮೇಲೇ ಅವಳಿಗೆ ಬಿಸಿ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುವ ಯೋಗ ಬಂದಿದ್ದು. ಪಕ್ಕದ ಮನೆಯವಳನ್ನು ಗಂಡನ ಬಳಿ ಕೂರಿಸಿ, ನೇರ ಕೇಂದ್ರಕ್ಕೆ ನಡೆದಳು.

"ನೀವು ಖುಷಿಪಡ್ಬೇಕಮ್ಮ," ಅಂದ ಎಳೆಯ ಡಾಕ್ಟರು. "ಹೋದ ವಾರದ ಪರೀಕ್ಷೇಲಿ ನಿಮ್ಮ ದೇಹದ ವಯಸ್ಸು ಐವತ್ತೇಳು ಬಂತಲ್ಲ! ನೋಡಿಕೊಳ್ಳೋರ ಮೈ ಅರವತ್ತರ ಒಳಗಿದ್ರೆ ಸಹಾಯಕ ಬೇಕಿಲ್ಲ ಅಂತ ಹೊಸ ನಿಯಮ."

ಅವಳಿಗೆ ಪಿತ್ತ ನೆತ್ತಿಗೇರಿತು. ಆ ದಿನ ಪರೀಕ್ಷೆಗೆಂದು ಮಿಷನ್ನಿನ ಹಿಡಿಯನ್ನು ಹಿಂಡಿಸಿ, ಕುರ್ಚಿಯಿಂದ ಏಳಿಸಿ ಕೂರಿಸಿ, ಓಣಿಯುದ್ದಕ್ಕೂ ನಡೆಸಿ, ರಕ್ತ ತೆಗೆದು, ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವಳೂ ಹುಡುಗಿಯ ಹಾಗೆ ನಾಚಿಕೊಂಡು ಮನೆಗೆ ಹೋಗಿ ಗಂಡನಿಗೆ ಹೇಳಿದ್ದಳು. "ಅಟ್ಟ ಹತ್ತಿಸಿ ಏಣಿ ತೆಗೆದ್ರಲ್ಲ ಡಾಕ್ಟ್ರೇ!" ಅಂದಳು ಈಗ. "ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಇದು. ಕೈ ಅಳೆದ್ರಿ, ಸೊಂಟ ಅಳೆದ್ರಾ? ನಮ್ಮನೆಯವರು ಕೂಗಿದಾಗೆಲ್ಲ ನಿದ್ದೆಗಣ್ಣಲ್ಲಿ ಎದ್ದು ಓಡ್ತೀನಲ್ಲ, ಅದನ್ನ ನಿಮ್ಮ ಮಿಷನ್ನು ಕೇಳ್ತಾ?"

"ಎತ್ತೋದು ಇಳಿಸೋದೂ ಒಂಥರಾ ವ್ಯಾಯಾಮಾನೇ ಅಮ್ಮ. ಅದಕ್ಕೇ ನೀವಿಷ್ಟು ಗಟ್ಟಿಮುಟ್ಟು."

ಬೇಕರಿಯಮ್ಮ ಎದ್ದು ಹೊರಗೆ ಬಂದಳು. ನರ್ಸು ಹಿಂದೆಯೇ ಬಂದು ಪಿಸುಗುಟ್ಟಿದಳು. "ಮುಂದಿನ ವರ್ಷ ಅಳೆಯೋವಾಗ ಮೆತ್ತಗೆ ಹಿಡೀರಿ. ಏಳೋಕಾಗದೆ ಕೂತುಬಿಡಿ. ಎಲ್ರೂ ಹಾಗೇ ಮಾಡೋದು."

"ಗಟ್ಟಿಯಾಗಿರೋದೇನು ಕದ್ದ ಮಾಲೇ ತಾಯಿ, ಮುಚ್ಚಿಡೋಕೆ?" ಅಂದಳು ಬೇಕರಿಯಮ್ಮ.

ಮಾರನೆಯ ಬೆಳಗ್ಗೆ ಗಂಡನನ್ನು ಗಾಲಿಕುರ್ಚಿಗೆ ಇಳಿಸಿ, ಮಡಿಲಲ್ಲಿ ಸೋಪು, ಟವೆಲು, ಒಗೆದ ಬಟ್ಟೆ ಇಟ್ಟು ಬೀದಿಗೆ ತಳ್ಳಿದಳು. "ಎ...ಲ್ಲಿಗೆ?" ಅಂದ ಅವನು. "ಸ್ನಾನಕ್ಕೆ," ಅಂದಳು. ಏರಿನಲ್ಲಿ ಉಸಿರು ಕಟ್ಟಿತು, ಕಾಲು ಜಾರಿತು. ಯಾರೋ ಕೈ ಕೊಡಲು ಬಂದರೆ, ಬೇಡ ಅಂದುಬಿಟ್ಟಳು. ಕುರ್ಚಿ ನಿಂತದ್ದು ಡಾಕ್ಟರ ಮೇಜಿನ ಮುಂದೆಯೇ.

"ಇವರ ಸ್ನಾನದ ಹೊತ್ತು. ನನ್ನ ಐವತ್ತೇಳರ ಮೈ ಇಲ್ಲೀವರೆಗೆ ತಂತು. ಮುಂದಿನದು ನಿಮ್ಮ ಪ್ರಾಯದ ಮೈ ನೋಡ್ಕೊಳ್ಳಲಿ."

"ಏನಮ್ಮ ಇದು! ಹೊರಗೆ ಜನ ಕಾಯ್ತಿದ್ದಾರೆ."

"ಕಾಯಲಿ. ನಾನೂ ಅವರ ಜೊತೆ ಕಾಯ್ತೀನಿ." ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಸಾಲಿನಲ್ಲಿದ್ದ ಮುದುಕರೆಲ್ಲ ಬಾಗಿಲಲ್ಲಿ ಇಣುಕಿದರು. "ನಮ್ಮಕ್ಕನಿಗೂ ಹಿಂಗೇ ಮಾಡಿದ್ರು ಕಣ್ರೀ," ಎಂದು ಒಬ್ಬ ಕೋಲು ಕುಟ್ಟಿದ. ಮಾತಿಗೆ ಮಾತು ಕೂಡಿ ಗದ್ದಲವೆದ್ದಿತು. ಡಾಕ್ಟರು ಬಾಗಿಲು ಹಾಕಿಕೊಂಡು ಮೇಲಿನವರಿಗೆ ಫೋನು ಮಾಡಿದ, ಬೇಡಿದ, ಕೊನೆಗೆ ದನಿಯನ್ನೂ ಏರಿಸಿದ. ಅಂತೂ ಸಹಾಯಕ ಓಡೋಡಿ ಬಂದ. ಕೇಂದ್ರದ ಇಕ್ಕಟ್ಟು ಬಚ್ಚಲಲ್ಲಿ ಅವನೊಬ್ಬನ ಕೈಲಾಗದೆ ಡಾಕ್ಟರೂ ಒಂದು ಹೆಗಲು ಕೊಡಬೇಕಾಯಿತು.

ಹೊರಗೆ ಬಂದಾಗ ಡಾಕ್ಟರ ಬಿಳಿ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ನಾಳೆಯಿಂದ ಇವನನ್ನ ಮನೆಗೇ ಕಳಿಸ್ತಾರಂತೆ," ಅಂದ ಏದುಸಿರಲ್ಲಿ. "ಆದ್ರೆ ಅಮ್ಮನಿಗೆ ಇನ್ನೊಂದ್ಸಲ ಪರೀಕ್ಷೆ ಮಾಡ್ಲೇಬೇಕಂತೆ. ಕರೀರಿ ಅವರನ್ನ."

ಅಷ್ಟು ಗದ್ದಲದ ನಡುವೆ ಬೇಕರಿಯಮ್ಮ ಬೆಂಚಿನ ಮೇಲೆ ನಿದ್ದೆಹೋಗಿದ್ದಳು. ಬಾಯಿ ತೆರೆದಿತ್ತು, ಕತ್ತು ಒಂದು ಕಡೆಗೆ ವಾಲಿತ್ತು, ಒಂದು ಚಪ್ಪಲಿ ಕಾಲಿಂದ ಕಳಚಿ ಬಿದ್ದಿತ್ತು. ನರ್ಸು ಎಬ್ಬಿಸಲು ಬಾಗಿದಳು. ಗಾಲಿಕುರ್ಚಿಯಿಂದ ಗಂಡನ ಎಡಗೈ ಚಾಚಿ ನರ್ಸಿನ ತೋಳನ್ನು ತಡೆಯಿತು.

"ಎ...ಬ್ಬಿಸ್ಬೇಡಿ," ಅಂದ ಅವನು, ಒಂದೊಂದೇ ಮಾತನ್ನು ಎಳೆದು ತಂದು. "ಈಗ... ಅಳೀರಿ."